ಹತ್ತರ ಬ್ಲಾಕ್ ಪೆಟ್ಟಿಗೆ: ದಿಮ್ಮಿಯನ್ನು ಒಂದು ಲೀಟರ್ ಅಂದ ಮೇಲೆ ದಶಮಾಂಶ ಅರ್ಥವಾಯಿತು

ನಾಗಮಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ ನಾನು. ಒಂಬತ್ತು ವರ್ಷವಾಯಿತು. ಬೆಳಗ್ಗೆ ಸಂಜೆ ಎರಡು ಹೊತ್ತೂ ನನ್ನ ಕೆಲಸವೆಲ್ಲ ಪಾಯಿಂಟ್ ಇರುವ ಸಂಖ್ಯೆಗಳ ಜೊತೆಗೇ. ಫ್ಯಾಟು 3.9, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) 8.5, ಹಾಲು 6.350 ಲೀಟರ್, ಹೀಗೆ. ನನ್ನ ಮಗಳು ಆರನೇ ಕ್ಲಾಸು. ಅವಳಿಗೆ ದಶಮಾಂಶ ಬರುತ್ತೆ ಅಂತಲೇ ನಾನು ತಿಳಿದಿದ್ದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಕೂಡಿಸುವುದು, ಕಳೆಯುವುದು, ಬಿಂದುವಿನ ಕೆಳಗೆ ಬಿಂದು ಬರುವ ಹಾಗೆ ಬರೆಯುವುದು ಎಲ್ಲಾ ಸರಿಯಾಗಿ ಮಾಡುತ್ತಿದ್ದಳು.

ಮಳೆಗಾಲದ ಒಂದು ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಕೂಡ ಕೈಕೊಟ್ಟಿತು. ತೂಕದ ಮೆಷಿನ್ ಇಲ್ಲ, ಚೀಟಿ ಬರುವ ಕಂಪ್ಯೂಟರ್ ಇಲ್ಲ. ಇಂಥ ದಿನಕ್ಕೆ ಅಂತಲೇ ಹಳೆಯ ಅಳತೆ ಪಾತ್ರೆಗಳನ್ನು ಇಟ್ಟುಕೊಂಡಿದ್ದೇವೆ. ನಾನು ಅಳೆದು ಕೂಗುತ್ತಾ ಹೋದೆ, ಮಗಳು ಟಾರ್ಚ್ ಬೆಳಕಿನಲ್ಲಿ ಹಾಳೆಯ ಮೇಲೆ ಬರೆದುಕೊಂಡಳು. ಕೊನೆಗೆ ಒಟ್ಟು ಹಾಕಿದರೆ ಲೆಕ್ಕದಲ್ಲಿ ಹಾಲು ಜಾಸ್ತಿ, ಕ್ಯಾನಿನಲ್ಲಿ ಕಮ್ಮಿ. ಒಂದು ಲೀಟರಿಗೂ ಮೇಲೆ ವ್ಯತ್ಯಾಸ.

ಹಾಳೆ ನೋಡಿದೆ. ನಾನು ‘ನಾಲ್ಕು ಲೀಟರ್ ಐವತ್ತು’ ಅಂದಿದ್ದೆ, ಅಂದರೆ ನಾಲ್ಕು ಲೀಟರ್ ಐವತ್ತು ಎಂ.ಎಲ್. ಅವಳು 4.50 ಅಂತ ಬರೆದಿದ್ದಳು. ಇನ್ನೊಂದು ಕಡೆ ‘ಆರು ಲೀಟರ್ ಎಂಬತ್ತು’ ಅಂದದ್ದು 6.80 ಆಗಿತ್ತು. ಬರೆಯಬೇಕಾದದ್ದು 4.050 ಮತ್ತು 6.080. ಮೊದಲನೆಯದರಲ್ಲಿ 450 ಎಂ.ಎಲ್., ಎರಡನೆಯದರಲ್ಲಿ 720 ಎಂ.ಎಲ್. ಹೆಚ್ಚು. ಎರಡೂ ಸೇರಿ 1 ಲೀಟರ್ 170 ಎಂ.ಎಲ್. ಲೀಟರಿಗೆ 35 ರೂಪಾಯಿ ಅಂತ ಹಿಡಿದರೂ 41 ರೂಪಾಯಿ ಹತ್ತಿರ ಆಯಿತು. ಹಾಲು ಹಾಕಿದವರ ಪುಸ್ತಕಕ್ಕೆ ಏರಿಸುವ ಮೊದಲೇ ಕಂಡದ್ದು ಒಳ್ಳೆಯದಾಯಿತು.

‘ನೀನೇ ಐವತ್ತು ಅಂದೆ ಕಣಮ್ಮ, ಐವತ್ತೇ ಬರೆದಿದೀನಿ’ ಅಂದಳು. ಅವಳ ಮಾತು ಸುಳ್ಳಲ್ಲ. ನಾಲ್ಕು ರೂಪಾಯಿ ಐವತ್ತು ಪೈಸೆ ಅಂದರೆ 4.50 ಅಂತಲೇ ಬರೆಯುತ್ತೇವೆ. ರೂಪಾಯಿಗೆ ನೂರು ಪೈಸೆ. ಆದರೆ ಲೀಟರಿಗೆ ಸಾವಿರ ಎಂ.ಎಲ್. ಬಾಯಲ್ಲಿ ಎರಡೂ ಐವತ್ತೇ, ಬರೆಯುವಾಗ ಮಾತ್ರ ಜಾಗ ಬೇರೆ ಬೇರೆ. ಮನೆಗೆ ಬಂದ ಮೇಲೆ ಸುಮ್ನೆ ಕೇಳಿದೆ, ‘0.7 ದೊಡ್ಡದಾ, 0.45 ದೊಡ್ಡದಾ?’ ಯೋಚನೆಯೇ ಮಾಡದೆ ‘0.45’ ಅಂದಳು. ‘ನಲವತ್ತೈದು ಏಳಕ್ಕಿಂತ ದೊಡ್ಡದು ಅಲ್ವಾ?’

ಅವತ್ತು ರಾತ್ರಿ ಆರ್ಡರ್ ಮಾಡಿದ್ದು ಈ ಪೆಟ್ಟಿಗೆ.

ಡಿ.ಎಡ್. ಓದುವಾಗ ಇದರ ಬಗ್ಗೆ ಪಾಠದಲ್ಲಿ ಕೇಳಿದ್ದೆ. ಬಿಡಿ, ಹತ್ತು, ನೂರು, ಸಾವಿರಕ್ಕೆ ಬೇರೆ ಬೇರೆ ಗಾತ್ರದ ಮರದ ತುಂಡುಗಳು. ಹಂಗೇರಿಯಲ್ಲಿ ಹುಟ್ಟಿದ ಝೋಲ್ಟಾನ್ ಡೀನ್ಸ್ ಅನ್ನುವ ಗಣಿತಜ್ಞರ ಹೆಸರಿನಲ್ಲಿ ‘ಡೀನ್ಸ್ ಬ್ಲಾಕ್’ ಅಂತಲೂ ಕರೆಯುತ್ತಾರೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತೆಗೆದಿದ್ದೇನೆ. ಕೈಯಲ್ಲಿ ಹಿಡಿದು ನೋಡಿದ್ದು ಮಾತ್ರ ಇದೇ ಮೊದಲು.

ನನಗೆ ಬಿದ್ದ ಬೆಲೆ 899 ರೂಪಾಯಿ. ಆರು ದಿನಕ್ಕೆ ಬಂತು. ಒಟ್ಟು 121 ತುಂಡು: ಒಂದು ದೊಡ್ಡ ಘನ, ಹತ್ತು ಚಪ್ಪಟೆ ಹಲಗೆ, ಹತ್ತು ಕಡ್ಡಿ, ನೂರು ಸಣ್ಣ ಬಿಡಿ. ಬಿಡಿ ಅಂದರೆ ಎಲ್ಲಾ ಕಡೆ ಒಂದು ಸೆಂಟಿಮೀಟರ್ ಇರುವ ಪುಟ್ಟ ಘನ. ಹತ್ತು ಬಿಡಿ ಸಾಲಾಗಿ ಸೇರಿದರೆ ಒಂದು ಕಡ್ಡಿ, ಹತ್ತು ಕಡ್ಡಿ ಪಕ್ಕಪಕ್ಕ ಇಟ್ಟರೆ ಒಂದು ಹಲಗೆ, ಹತ್ತು ಹಲಗೆ ಒಂದರ ಮೇಲೊಂದು ಪೇರಿಸಿದರೆ ದೊಡ್ಡ ಘನ. ದೊಡ್ಡದಕ್ಕೆ ನನ್ನ ಮಗಳು ‘ದಿಮ್ಮಿ’ ಅಂತ ಹೆಸರಿಟ್ಟಳು. ನಾನೂ ಮುಂದೆ ಹಾಗೇ ಕರೆಯುತ್ತೇನೆ.

ಮೊದಲು ಕುಂದುಗಳನ್ನು ಹೇಳಿಬಿಡುತ್ತೇನೆ. ಎಣಿಸಿದರೆ ಬಿಡಿಗಳು 97 ಇದ್ದವು. ಮಾರುವವರಿಗೆ ಫೋಟೊ ಕಳಿಸಿದೆ. ಎರಡು ವಾರದ ಮೇಲೆ ಒಂದು ಸಣ್ಣ ಕವರಿನಲ್ಲಿ ಹತ್ತು ಬಿಡಿ ಬಂದವು. ಅದು ಒಳ್ಳೆಯದೇ. ಕಡ್ಡಿಗಳ ಅಳತೆ ಸರಿಯಾಗಿದೆ, ಹತ್ತು ಕಡ್ಡಿ ಜೋಡಿಸಿದರೆ ಹಲಗೆಯ ಮೇಲೆ ಕರಾರುವಾಕ್ಕಾಗಿ ಕೂರುತ್ತವೆ. ಹಲಗೆಗಳದ್ದೇ ತೊಂದರೆ. ಹತ್ತು ಹಲಗೆ ಪೇರಿಸಿ ಸ್ಕೇಲ್ ಇಟ್ಟರೆ 10.4 ಸೆಂಟಿಮೀಟರ್ ಬರುತ್ತೆ. ದಿಮ್ಮಿ 10 ಸೆಂಟಿಮೀಟರ್. ನಾಲ್ಕು ಮಿಲಿಮೀಟರ್ ತಾನೇ ಅನ್ನಿಸಬಹುದು. ಆದರೆ ಈ ಪೆಟ್ಟಿಗೆ ಇರುವುದೇ ‘ಹತ್ತು ಸೇರಿದರೆ ಮುಂದಿನದು’ ಅಂತ ತೋರಿಸಲಿಕ್ಕೆ. ಮಗು ಪಕ್ಕದಲ್ಲಿಟ್ಟು ನೋಡಿದಾಗ ಒಂದು ಎತ್ತರ, ಒಂದು ಗಿಡ್ಡ ಕಂಡರೆ ಏನು ಹೇಳುವುದು?

ಇನ್ನೊಂದು, ದಿಮ್ಮಿ ಒಳಗೆ ಟೊಳ್ಳು. ಬೆರಳಲ್ಲಿ ತಟ್ಟಿದರೆ ಡಬ್ ಡಬ್ ಅನ್ನುತ್ತೆ. ಡೇರಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹತ್ತು ಹಲಗೆ ಸೇರಿ 560 ಗ್ರಾಂ, ದಿಮ್ಮಿ 310 ಗ್ರಾಂ. ಎರಡೂ ಕೈಯಲ್ಲಿ ಎತ್ತಿ ನೋಡುವ ಮಗುವಿಗೆ ಹಲಗೆಗಳೇ ಜಾಸ್ತಿ ಅನ್ನಿಸುತ್ತೆ. ನನ್ನ ಮಗಳಿಗೂ ಹಾಗೇ ಅನ್ನಿಸಿತು. ತಯಾರಿಸುವವರು ಇದನ್ನು ದಯವಿಟ್ಟು ಸರಿಮಾಡಬೇಕು. ಗಟ್ಟಿ ಮರದ್ದೇ ಮಾಡಿ ಇನ್ನೂ ನೂರು ರೂಪಾಯಿ ಜಾಸ್ತಿ ಕೇಳಿದರೂ ಕೊಡುತ್ತೇನೆ.

ಜೊತೆಗೆ ಬಂದ ಕೈಪಿಡಿ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿದೆ. ಕನ್ನಡ ಇಲ್ಲ. ಪೆಟ್ಟಿಗೆಯ ಮೇಲೆ ದಶಮಾಂಶಕ್ಕೂ ಉಪಯೋಗ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದಾರೆ, ಕೈಪಿಡಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಎಲ್ಲಾ ಪುಟದಲ್ಲೂ ಸಣ್ಣ ಬಿಡಿಯೇ ‘ಒಂದು’. ಬಿಡಿ ಒಂದು, ಕಡ್ಡಿ ಹತ್ತು, ಹಲಗೆ ನೂರು, ದಿಮ್ಮಿ ಸಾವಿರ. ಹಾಗೆ ಹಿಡಿದರೆ ಒಂದಕ್ಕಿಂತ ಸಣ್ಣದು ತೋರಿಸಲು ಏನೂ ಉಳಿಯುವುದಿಲ್ಲ. ದಶಮಾಂಶಕ್ಕೆ ಇದನ್ನು ತಿರುಗಿಸಬೇಕು. ದಿಮ್ಮಿಯೇ ‘ಒಂದು’ ಆಗಬೇಕು. ಆಗ ಹಲಗೆ ಹತ್ತನೇ ಒಂದು ಭಾಗ, ಕಡ್ಡಿ ನೂರನೇ ಒಂದು ಭಾಗ, ಬಿಡಿ ಸಾವಿರದ ಒಂದು ಭಾಗ. ಪುಸ್ತಕದ ಮಾತಿನಲ್ಲಿ ದಶಾಂಶ, ಶತಾಂಶ, ಸಹಸ್ರಾಂಶ.

ಹೇಳಿದಷ್ಟು ಸುಲಭ ಅಲ್ಲ ಇದು. ಮೊದಲ ಎರಡು ದಿನ ಮಗಳು ಒಪ್ಪಲೇ ಇಲ್ಲ. ‘ನಿನ್ನೆ ಇದು ಸಾವಿರ ಅಂದೆ, ಇವತ್ತು ಒಂದು ಅಂತೀಯ’ ಅಂದಳು. ಅವಳ ತಕರಾರು ನ್ಯಾಯವಾಗಿತ್ತು. ನಾನು ಹೇಳಿದೆ ಅನ್ನುವುದು ಬಿಟ್ಟರೆ ದಿಮ್ಮಿ ‘ಒಂದು’ ಆಗಲು ಅವಳಿಗೆ ಯಾವ ಕಾರಣವೂ ಕಾಣುತ್ತಿರಲಿಲ್ಲ.

ಮೂರನೇ ದಿನ ದಿಮ್ಮಿಯನ್ನು ಸ್ಕೇಲಿನಲ್ಲಿ ಅಳೆಯುತ್ತಿದ್ದಾಗ ಹೊಳೆಯಿತು. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಹತ್ತು ಎತ್ತರ. ಅಂದರೆ ಸಾವಿರ ಘನ ಸೆಂಟಿಮೀಟರ್. ಅಂದರೆ ಸರಿಯಾಗಿ ಒಂದು ಲೀಟರ್! ನಾನು ದಿನಾ ಅಳೆಯುವ ಅದೇ ಲೀಟರ್. ಹಾಗಾದರೆ ಹಲಗೆ 100 ಎಂ.ಎಲ್., ಕಡ್ಡಿ 10 ಎಂ.ಎಲ್., ಬಿಡಿ 1 ಎಂ.ಎಲ್.

ಇದನ್ನು ಬಾಯಲ್ಲಿ ಹೇಳದೆ ಮಾಡಿಯೇ ತೋರಿಸೋಣ ಅನ್ನಿಸಿತು. ಹಳೆಯ ರಟ್ಟಿನ ಡಬ್ಬ ಕತ್ತರಿಸಿ, ಒಳಗಿನ ಅಳತೆ ಎಲ್ಲಾ ಕಡೆ ಹತ್ತು ಸೆಂಟಿಮೀಟರ್ ಬರುವ ಹಾಗೆ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿದೆವು. ಮೂಲೆಗಳಿಗೆ ಅಂಟು ಟೇಪು, ಒಳಗೆ ತೆಳು ಪ್ಲಾಸ್ಟಿಕ್ ಕವರ್. ಹಜಾರದಲ್ಲಿ ತಟ್ಟೆಯ ಮೇಲೆ ಇಟ್ಟು, ಡೇರಿಯ ಒಂದು ಲೀಟರ್ ಅಳತೆ ಪಾತ್ರೆಯಿಂದ ನೀರು ಸುರಿದೆ. ಅಷ್ಟು ನೀರು ಆ ಪುಟ್ಟ ಡಬ್ಬಕ್ಕೆ ಹಿಡಿಯಲ್ಲ ಅಂತ ಮಗಳು, ಹಿಡಿಯುತ್ತೆ ಅಂತ ನಾನು. ಅರ್ಧ ತುಂಬುವ ಹೊತ್ತಿಗೆ ರಟ್ಟಿನ ಗೋಡೆಗಳು ಉಬ್ಬಲು ಶುರುವಾದವು. ಅವಳು ಎರಡೂ ಅಂಗೈಯಲ್ಲಿ ಪಕ್ಕಗಳನ್ನು ಒತ್ತಿ ಹಿಡಿದಳು. ಪಾತ್ರೆ ಖಾಲಿಯಾದಾಗ ನೀರು ಅಂಚಿಗಿಂತ ಒಂದು ಕೂದಲಷ್ಟು ಕೆಳಗೆ ನಿಂತಿತ್ತು, ಒಂದು ಹನಿಯೂ ಹೊರಗೆ ಚೆಲ್ಲಿರಲಿಲ್ಲ. ಪಕ್ಕದಲ್ಲಿ ಮರದ ದಿಮ್ಮಿ ಇಟ್ಟೆ. ಒಂದೇ ಎತ್ತರ, ಒಂದೇ ಅಗಲ. ಅವಳು ಬಗ್ಗಿ ಎರಡನ್ನೂ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು. ‘ಅಂದ್ರೆ ಇದು ಮರದ ಲೀಟರು’ ಅಂದಳು.

ಅಲ್ಲಿಂದ ಮುಂದೆ ದಿಮ್ಮಿ ಯಾಕೆ ‘ಒಂದು’ ಅನ್ನುವ ಪ್ರಶ್ನೆಯೇ ಬರಲಿಲ್ಲ.

ಆ ಸಂಜೆಯ ಹಾಳೆಯನ್ನು ತೆಗೆದೆ. ನಾಲ್ಕು ಲೀಟರ್ ಐವತ್ತನ್ನು ಜೋಡಿಸು ಅಂದೆ. ಪೆಟ್ಟಿಗೆಯಲ್ಲಿ ಇರುವುದು ಒಂದೇ ದಿಮ್ಮಿ. ಉಳಿದ ಮೂರಕ್ಕೆ ಅದೇ ಅಳತೆಯ ರಟ್ಟಿನ ಡಬ್ಬ ಮಾಡಿಕೊಂಡೆವು. ನಾಲ್ಕು ದಿಮ್ಮಿ ಇಟ್ಟಳು. ಐವತ್ತು ಎಂ.ಎಲ್.ಗೆ ಹಲಗೆಗೆ ಕೈ ಹಾಕಿದಳು, ಅಲ್ಲೇ ನಿಲ್ಲಿಸಿದಳು. ಒಂದು ಹಲಗೆಯೇ ನೂರು. ಐವತ್ತಕ್ಕೆ ಹಲಗೆ ಒಂದೂ ಬೇಡ. ಕಡ್ಡಿ ಐದು. ಹಜಾರದಲ್ಲಿ ಚಾರ್ಟ್ ಪೇಪರ್ ಹಾಸಿ ನಾಲ್ಕು ಮನೆ ಬರೆದಿದ್ದೆ: ದಿಮ್ಮಿ, ಹಲಗೆ, ಕಡ್ಡಿ, ಬಿಡಿ. ದಿಮ್ಮಿಯ ಮನೆಯ ಬಲಕ್ಕೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಚುಕ್ಕೆ. ನಾಲ್ಕು, ಚುಕ್ಕೆ, ಹಲಗೆ ಸೊನ್ನೆ, ಕಡ್ಡಿ ಐದು, ಬಿಡಿ ಸೊನ್ನೆ. 4.050. ಅದರ ಕೆಳಗೆ ಅವಳು ಅವತ್ತು ಬರೆದ 4.50ನ್ನೂ ಜೋಡಿಸಿದಳು. ಐದು ಕಡ್ಡಿಗಳ ಕೆಳಗೆ ಐದು ಹಲಗೆ. ಐದು ಕಡ್ಡಿ ಒಂದು ಮುಷ್ಟಿಯಲ್ಲಿ ಹಿಡಿಯುತ್ತೆ. ಐದು ಹಲಗೆಗೆ ಎರಡು ಕೈ ಬೇಕು. ಸ್ವಲ್ಪ ಹೊತ್ತು ನೋಡಿ, ‘ಇಷ್ಟು ಹಾಲು ಸುಮ್ನೆ ಕೊಟ್ಟುಬಿಡ್ತಿದ್ದೆ’ ಅಂದಳು.

ಮಧ್ಯದ ಸೊನ್ನೆಯನ್ನು ಪಾಠದಲ್ಲಿ ‘ಸ್ಥಾನ ಹಿಡಿಯಲು’ ಅಂತ ಹೇಳಿಕೊಡುತ್ತಾರೆ. ಆ ಮಾತು ಮಕ್ಕಳಿಗೆ ಏನೂ ಕಾಣಿಸುವುದಿಲ್ಲ. ‘ಹಲಗೆ ಒಂದೂ ಇಲ್ಲ’ ಅಂದರೆ ಕಾಣಿಸುತ್ತೆ. ಈ ಪೆಟ್ಟಿಗೆಗೆ ಕೊಟ್ಟ ದುಡ್ಡು ನನಗೆ ಅಲ್ಲೇ ವಾಪಸ್ ಬಂತು ಅನ್ನಿಸಿತು. 0.7 ಮತ್ತು 0.45ರ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗಲೇ ಇಲ್ಲ. ಮೊದಲು ಏಳು ಹಲಗೆ, ಆಮೇಲೆ ಅವನ್ನು ತೆಗೆದು ನಾಲ್ಕು ಹಲಗೆ ಐದು ಕಡ್ಡಿ ಅವಳೇ ಇಟ್ಟು ನೋಡಿದಳು.

ನಮ್ಮ ಅತ್ತೆಯವರು ಇದನ್ನೆಲ್ಲ ಮಂಚದ ಮೇಲೆ ಕೂತು ನೋಡುತ್ತಿದ್ದರು. ‘ಇದ್ರಲ್ಲಿ ಕಾಲು ಲೀಟರು ಯಾವುದು ಮಗ?’ ಅಂತ ಮೊಮ್ಮಗಳನ್ನು ಕೇಳಿದರು. ಎಷ್ಟು ಒಳ್ಳೆಯ ಪ್ರಶ್ನೆ ಅಂದರೆ, ನಾವಿಬ್ಬರೂ ಸ್ವಲ್ಪ ಹೊತ್ತು ತಡವರಿಸಿದೆವು. ಕಾಲು ಲೀಟರಿಗೆ ಅಂತ ಒಂದು ತುಂಡು ಇಲ್ಲವೇ ಇಲ್ಲ. ಎರಡು ಹಲಗೆ, ಐದು ಕಡ್ಡಿ ಸೇರಿಸಬೇಕು. 0.25. ಅರೆಕಾಲು ಕೇಳಿದರು. ಒಂದು ಹಲಗೆ, ಎರಡು ಕಡ್ಡಿ, ಐದು ಬಿಡಿ. 0.125. ಅವತ್ತು ನನಗೆ ಒಂದು ವಿಷಯ ತಿಳಿಯಿತು. ನಮ್ಮ ಮಾತಿನಲ್ಲಿ ಅಳತೆ ಅಂದರೆ ಅರ್ಧ ಮಾಡುತ್ತಾ ಹೋಗುವುದು: ಅರ್ಧ, ಕಾಲು, ಅರೆಕಾಲು, ವೀಸ. ರೂಪಾಯಿಗೆ ಹದಿನಾರು ಆಣೆ ಇದ್ದದ್ದೂ ಹಾಗೇ. ದಶಮಾಂಶ ಹತ್ತು ಹತ್ತು ಭಾಗ ಮಾಡುತ್ತೆ. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರು ನಯಾ ಪೈಸೆ ಆದಾಗ ಅತ್ತೆ ಚಿಕ್ಕ ಹುಡುಗಿ. ಆಣೆಗೆ ಆರು ಪೈಸೆ, ಆದರೆ ನಾಲ್ಕಾಣೆಗೆ ಇಪ್ಪತ್ತನಾಲ್ಕಲ್ಲ, ಇಪ್ಪತ್ತೈದು ಅನ್ನುವ ಲೆಕ್ಕ ಅವರಿಗೆ ಇನ್ನೂ ನೆನಪಿದೆ. ಅದು ಯಾಕೆ ಅಂತ ಮೊಮ್ಮಗಳು ನೂರನ್ನು ಹದಿನಾರರಿಂದ ಭಾಗಿಸಿ ಹೇಳಿದಳು: ಆಣೆಗೆ 6.25 ಪೈಸೆ. ಆ ಪಾಯಿಂಟ್ ಇಪ್ಪತ್ತೈದು ನಾಲ್ಕು ಸಲ ಸೇರಿ ಒಂದು ಪೈಸೆ ಆಗುತ್ತೆ. ಅತ್ತೆಗೆ ಅದನ್ನು ಕೇಳಿ ತುಂಬಾ ಖುಷಿಯಾಯಿತು.

ಆಮೇಲೆ ಲ್ಯಾಕ್ಟೋಮೀಟರ್, ಅಂದರೆ ಹಾಲಿನಲ್ಲಿ ಬಿಟ್ಟು ಅದರ ಸಾಂದ್ರತೆ ನೋಡುವ ಗಾಜಿನ ಕೊಳವೆ. ಡೇರಿಯಲ್ಲಿ ‘ಡಿಗ್ರಿ 28’ ಅನ್ನುತ್ತೇವಲ್ಲ, ಹಾಲಿನ ಸಾಂದ್ರತೆ 1.028 ಅಂತ ಅದರ ಅರ್ಥ. ಒಂದು ಲೀಟರ್ ನೀರು ಒಂದು ಕೆಜಿ ತೂಗಿದರೆ ಆ ಹಾಲು ಒಂದು ಕೆಜಿ 28 ಗ್ರಾಂ ತೂಗುತ್ತೆ. ದಿಮ್ಮಿಯನ್ನು ಒಂದು ಕೆಜಿ ಅಂದುಕೊಂಡು ಜೋಡಿಸಿದಳು. ಒಂದು ದಿಮ್ಮಿ, ಹಲಗೆ ಇಲ್ಲ, ಕಡ್ಡಿ ಎರಡು, ಬಿಡಿ ಎಂಟು. 1.28 ಯಾಕಲ್ಲ ಅಂತ ನಾನು ಕೇಳುವ ಮೊದಲೇ ಎರಡು ಹಲಗೆ ಎಂಟು ಕಡ್ಡಿ ಪಕ್ಕದಲ್ಲಿಟ್ಟು, ‘ಇಷ್ಟು ಗಟ್ಟಿ ಹಾಲು ಇರಲ್ಲಮ್ಮ’ ಅಂದಳು. ಹಾಲಿಗೆ ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತೆ ಅನ್ನುವುದು ಅವಳಿಗೆ ಗೊತ್ತಿತ್ತು. ಇಳಿಯುವುದು ಕಡ್ಡಿ, ಬಿಡಿಗಳ ಮನೆಯಲ್ಲಿ ಅನ್ನುವುದು ಈಗ ಗೊತ್ತಾಯಿತು. ಅಷ್ಟು ಸಣ್ಣ ವ್ಯತ್ಯಾಸವನ್ನು ಆ ಗಾಜಿನ ಕೊಳವೆ ತೋರಿಸುತ್ತೆ.

3.9 ಆದ ಮೇಲೆ 3.10 ಅನ್ನುವ ತಪ್ಪು ಬಹಳ ಮಕ್ಕಳಲ್ಲಿದೆ. ನಮ್ಮ ಬೀದಿಯ ಮಕ್ಕಳನ್ನೂ ಕೂರಿಸಿ ಕೇಳಿದೆ, ಐವರಲ್ಲಿ ಮೂವರು ಹಾಗೇ ಅಂದರು. ಅದಕ್ಕೆ ‘ಕೊಟ್ಟು ತಗೊಳ್ಳೋ’ ಆಟ ಆಡಿಸಿ. ಒಂಬತ್ತು ಹಲಗೆ ಇರುವ ಮಗುವಿಗೆ ಇನ್ನೊಂದು ಹಲಗೆ ಕೊಡಿ. ಹತ್ತಾದವು. ಹತ್ತನ್ನೂ ಅಂಗಡಿಯವರಿಗೆ ಕೊಟ್ಟು ದಿಮ್ಮಿ ತಗೊಳ್ಳಬೇಕು, ಒಂದು ಮನೆಯಲ್ಲಿ ಹತ್ತು ಇಟ್ಟುಕೊಳ್ಳುವ ಹಾಗಿಲ್ಲ, ಅದು ಆಟದ ನಿಯಮ. ಎರಡು ಸುತ್ತಿನಲ್ಲಿ 4.0 ತಾನಾಗಿ ಬಂತು.

ಯಾವುದಕ್ಕೆ ಇದು ಸಾಲದು ಅನ್ನುವುದನ್ನೂ ಹೇಳಬೇಕು. ದಶಮಾಂಶಗಳ ಗುಣಾಕಾರಕ್ಕೆ ನನಗೆ ಇದರಿಂದ ಸಹಾಯ ಆಗಲಿಲ್ಲ. 0.3 ಸಲ 0.4 ಅನ್ನುವುದಕ್ಕೆ ಗ್ರಾಫ್ ಹಾಳೆಯೇ ಮೇಲು: ಹತ್ತು ಹತ್ತು ಚೌಕದಲ್ಲಿ ಮೂರು ಸಾಲು, ನಾಲ್ಕು ಕಂಬ, ಎರಡೂ ಬಿದ್ದ ಚೌಕ ಹನ್ನೆರಡು, ಅಂದರೆ 0.12. ಹಾಗೆಯೇ ಸಂಖ್ಯಾರೇಖೆಯ ಮೇಲೆ 0.7 ಎಲ್ಲಿ ಬರುತ್ತೆ ಅನ್ನುವುದಕ್ಕೆ ಟೈಲರ್ ಟೇಪು ಸಾಕು. ಒಂದು ಮೀಟರ್ ‘ಒಂದು’ ಆದರೆ ಹತ್ತು ಸೆಂಟಿಮೀಟರ್ ದಶಾಂಶ, ಒಂದು ಸೆಂಟಿಮೀಟರ್ ಶತಾಂಶ. ಇಪ್ಪತ್ತು ರೂಪಾಯಿಗೆ ಸಿಗುತ್ತೆ. ದುಡ್ಡು ಖರ್ಚು ಮಾಡುವ ಮೊದಲು ನಿಮ್ಮೂರಿನ ಸರ್ಕಾರಿ ಶಾಲೆಯಲ್ಲೂ ಒಮ್ಮೆ ವಿಚಾರಿಸಿ. ಗಣಿತ ಕಲಿಕಾ ಆಂದೋಲನ ಅನ್ನುವ ಸರ್ಕಾರಿ ಶಾಲೆಗಳ ಕಾರ್ಯಕ್ರಮದಲ್ಲಿ 4, 5ನೇ ತರಗತಿಗಳಿಗೆ ಗಣಿತದ ಕಿಟ್ ಕೊಟ್ಟಿದ್ದಾರೆ. ಮಕ್ಕಳ ಕೈಗೆ ಸಿಗುವ ಹಾಗೆ ಅದನ್ನು ಹೊರಗೆ ಇಟ್ಟಿರುವ ಮೇಷ್ಟ್ರು ನಿಮ್ಮ ಶಾಲೆಯಲ್ಲಿದ್ದರೆ ಮನೆಗೆ ಬೇರೆ ತರುವುದೇ ಬೇಡ.

ಮನೆಯಲ್ಲಿ ಪುಟ್ಟ ಕೂಸು ಇದ್ದರೆ ಬಿಡಿಗಳ ಬಗ್ಗೆ ಜಾಗ್ರತೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಬಾಯಿಗೆ ಹೋಗುತ್ತೆ. ಮೊದಲ ದಿನ ವಾರ್ನಿಷ್ ವಾಸನೆ ಜಾಸ್ತಿ ಇತ್ತು. ಎರಡು ದಿನ ಜಗಲಿಯಲ್ಲಿ ಗಾಳಿಗೆ ಇಟ್ಟ ಮೇಲೆ ಹೋಯಿತು. ಚೂರು ಸಿಬುರು ಎಲ್ಲೂ ಇಲ್ಲ, ಅಂಚುಗಳನ್ನು ಚೆನ್ನಾಗಿ ಉಜ್ಜಿದ್ದಾರೆ. ಗೆರೆಗಳು ಆಳವಾಗಿ ಕೊರೆದಿರುವುದರಿಂದ ಕಣ್ಣು ಮುಚ್ಚಿ ಬೆರಳಾಡಿಸಿದರೂ ಹತ್ತು ಎಣಿಸಬಹುದು. ಬಣ್ಣ ಬಳಿದಿಲ್ಲ, ಅದು ನನಗೆ ಇಷ್ಟವಾಯಿತು. ಪ್ಲಾಸ್ಟಿಕ್ ಸೆಟ್ಟುಗಳಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ ಇರುತ್ತೆ, ಮಕ್ಕಳು ಗಾತ್ರ ನೋಡುವ ಬದಲು ಬಣ್ಣ ನೋಡಿ ಹೇಳಿಬಿಡುತ್ತಾರೆ.

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಹಲಗೆಯ ದಪ್ಪಕ್ಕೆ ಮತ್ತು ಟೊಳ್ಳು ದಿಮ್ಮಿಗೆ ಅರ್ಧ, ಕೈಪಿಡಿಗೆ ಅರ್ಧ ಕಳೆದಿದ್ದೇನೆ. ಐದರಿಂದ ಏಳನೇ ಕ್ಲಾಸಿನ ಮಕ್ಕಳಿರುವ ಮನೆಗೆ ಧೈರ್ಯವಾಗಿ ತಗೊಳ್ಳಿ ಅನ್ನುತ್ತೇನೆ. ಆದರೆ ಪೆಟ್ಟಿಗೆ ಬಿಚ್ಚಿದ ದಿನವೇ ರಟ್ಟಿನ ಡಬ್ಬ ಮಾಡಿ ನೀರು ಸುರಿದು ತೋರಿಸಿ. ಡೇರಿಯ ಅಳತೆ ಪಾತ್ರೆ ಇಲ್ಲದಿದ್ದರೆ ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ ಎರಡು ಸಾಕು.

ನಮ್ಮ ರಟ್ಟಿನ ದಿಮ್ಮಿಗಳಲ್ಲಿ ಒಂದನ್ನು ಕರು ಎಳೆದು ತಿಂದಿದೆ. ಮರದ ದಿಮ್ಮಿಯನ್ನು ಬಿಡಿಯಾಗಿ ಮಾರುತ್ತೀರಾ, ಮೂರು ಬೇಕು ಅಂತ ಕಂಪನಿಗೆ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲೇ ಸೇರಿಸುತ್ತೇನೆ.